ಐದನೇ ಡೌನ್‌ನಿಂದ ಒಂಬತ್ತು ನಿಮಿಷದ ರೀಪ್ಲೇವರೆಗೆ

1990ರ ಅಕ್ಟೋಬರ್ 6, ಮಿಸೌರಿ ರಾಜ್ಯದ ಕೊಲಂಬಿಯಾ ಊರಿನ ಫಾರೋಟ್ ಫೀಲ್ಡ್. ಆತಿಥೇಯ ಮಿಸೌರಿ 31, ಕೊಲರಾಡೋ 27. ಆಟ ಮುಗಿಯಲು ಅರ್ಧ ನಿಮಿಷ ಇರುವಾಗ ಕೊಲರಾಡೋ ಹುಡುಗರು ಗೋಲು ಗೆರೆಯಿಂದ ಮೂರು ಯಾರ್ಡ್ ದೂರಕ್ಕೆ ಬಂದು ನಿಂತಿದ್ದರು. ಅಮೆರಿಕನ್ ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಚೆಂಡು ಹಿಡಿದ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಹೋಗಲು, ಅಥವಾ ಗೋಲು ಗೆರೆ ಹತ್ತಿರವಿದ್ದರೆ ಅದನ್ನು ದಾಟಲು, ನಾಲ್ಕು ಅವಕಾಶ. ಒಂದೊಂದು ಅವಕಾಶವನ್ನೂ ಡೌನ್ ಎನ್ನುತ್ತಾರೆ. ನಾಲ್ಕರಲ್ಲಿ ಆಗದಿದ್ದರೆ ಚೆಂಡು ಎದುರಾಳಿಗೆ. ಈಗ ಎಷ್ಟನೇ ಡೌನ್ ಎಂಬುದನ್ನು ತೋರಿಸಲು ಮೈದಾನದ ಅಂಚಿನಲ್ಲಿ ಒಬ್ಬ ಅಂಕಿಯ ಫಲಕವಿರುವ ಕೋಲು ಹಿಡಿದು ನಿಂತಿರುತ್ತಾನೆ. ಆಟಗಾರರು, ಕೋಚುಗಳು, ರೆಫರಿಗಳು, ಎಲ್ಲರೂ ನೋಡುವುದು ಆ ಫಲಕವನ್ನೇ.

ಕೊಲರಾಡೋದ ಕ್ವಾರ್ಟರ್‌ಬ್ಯಾಕ್ ಚಾರ್ಲ್ಸ್ ಜಾನ್ಸನ್ ಗಡಿಯಾರ ನಿಲ್ಲಿಸಲೆಂದು ಚೆಂಡನ್ನು ನೆಲಕ್ಕೆ ಕುಕ್ಕಿದ. ಅದು ಮೊದಲನೇ ಡೌನ್. ಎರಡನೆಯದರಲ್ಲಿ ಎರಿಕ್ ಬಿಯೆನಿಮಿ ನುಗ್ಗಿ, ಗೆರೆಗೆ ಒಂದು ಯಾರ್ಡ್ ಇರುವಲ್ಲಿ ಬಿದ್ದ. ಕೊಲರಾಡೋ ಟೈಮ್‌ಔಟ್ ಕೇಳಿತು. ಆ ಬಿಡುವಿನಲ್ಲಿ ಫಲಕದ ಅಂಕಿ ಬದಲಾಗಲಿಲ್ಲ. ಎರಡು ಎರಡಾಗಿಯೇ ಉಳಿಯಿತು. ಬಿಯೆನಿಮಿ ಮತ್ತೆ ನುಗ್ಗಿದ, ಮತ್ತೆ ತಡೆದರು. ಎರಡು ಸೆಕೆಂಡು ಉಳಿದಾಗ ಜಾನ್ಸನ್ ಮತ್ತೆ ಚೆಂಡು ಕುಕ್ಕಿದ. ನಿಯಮದ ಲೆಕ್ಕದಲ್ಲಿ ಅದು ನಾಲ್ಕನೇ ಡೌನ್, ಆಟ ಅಲ್ಲಿಗೆ ಮುಗಿಯಬೇಕಿತ್ತು. ಫಲಕದ ಲೆಕ್ಕದಲ್ಲಿ ಇನ್ನೊಂದು ಬಾಕಿ. ಆ ಐದನೆಯದರಲ್ಲಿ ಜಾನ್ಸನ್ ತಾನೇ ಚೆಂಡು ಹಿಡಿದು ಗೆರೆಯ ಮೇಲೆ ಬಿದ್ದ. ಟಚ್‌ಡೌನ್ ಎಂದರು. ಅವನು ಗೆರೆ ಮುಟ್ಟಿದ್ದನೋ ಇಲ್ಲವೋ ಎಂಬುದರ ಬಗ್ಗೆಯೂ ಮಿಸೌರಿಯವರಿಗೆ ತಕರಾರಿದೆ, ಅದು ಬೇರೆ ಮಾತು. ಕೊಲರಾಡೋ 33–31ರಲ್ಲಿ ಗೆದ್ದಿತು.

ಮೈದಾನದಲ್ಲಿ ಏಳು ಮಂದಿ ತೀರ್ಪುಗಾರರಿದ್ದರು. ಒಬ್ಬರಿಗೂ ನಾಲ್ಕರವರೆಗಿನ ಲೆಕ್ಕ ಸಿಗಲಿಲ್ಲ. ಎರಡೂ ತಂಡ ಸೇರಿದ್ದ ಬಿಗ್ ಎಯ್ಟ್ ಕಾನ್ಫರೆನ್ಸ್ ಅಷ್ಟೂ ಮಂದಿಯನ್ನು ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ಫಲಿತಾಂಶವನ್ನು ಮಾತ್ರ ಮುಟ್ಟಲಿಲ್ಲ. ಆಟ ಮುಗಿದ ಮೇಲೆ ಇಂಥ ತಪ್ಪನ್ನು ತಿದ್ದಲು ನಿಯಮದಲ್ಲಿ ಜಾಗವಿಲ್ಲ ಎಂದಿತು. ಕೊಲರಾಡೋ ಕೋಚ್ ಬಿಲ್ ಮೆಕಾರ್ಟ್ನಿ ಸ್ವತಃ ಮಿಸೌರಿಯ ಹಳೆಯ ವಿದ್ಯಾರ್ಥಿ. ಗೆಲುವನ್ನು ಬಿಟ್ಟುಕೊಡುತ್ತೀರಾ ಎಂದು ಕೇಳಿದಾಗ ಆ ಮೈದಾನದ ಜಾರುವ ಟರ್ಫ್ ಬಗ್ಗೆ ದೂರು ಹೇಳಿದರು. ಆ ವರ್ಷ ಕೊಲರಾಡೋ ಅಸೋಸಿಯೇಟೆಡ್ ಪ್ರೆಸ್ ಮತದಾನದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು; ಕೋಚುಗಳ ಮತದಾನ ಜಾರ್ಜಿಯಾ ಟೆಕ್‌ಗೆ ಹೋಯಿತು. ಕೊನೆಯ ಪಂದ್ಯ ಆರೆಂಜ್ ಬೌಲ್‌ನಲ್ಲಿ ನೋತ್ರ್ ಡೇಮ್ ವಿರುದ್ಧ 10–9ರ ಗೆಲುವು. ಅಲ್ಲೂ ಕೊನೆ ಗಳಿಗೆಯಲ್ಲಿ ರಾಘಿಬ್ ಇಸ್ಮಾಯಿಲ್ ಮೈದಾನದ ಉದ್ದಕ್ಕೂ ಓಡಿ ಗಳಿಸಿದ ಟಚ್‌ಡೌನ್, ಹಿಂದಿನಿಂದ ತಡೆದರೆಂಬ ಒಂದು ಹಳದಿ ಬಾವುಟದಿಂದ ರದ್ದಾಗಿತ್ತು. ಒಂದೇ ಋತುವಿನಲ್ಲಿ ಒಂದೇ ತಂಡಕ್ಕೆ ಎರಡು ಸಲ ಅದೃಷ್ಟ ಒಲಿದರೆ ಜನ ಸುಮ್ಮನಿರುವುದುಂಟೆ?

ಕಾಲೇಜು ಫುಟ್‌ಬಾಲಿನ ರೆಫರಿ ಜಗಳಗಳಲ್ಲಿ ಇದೇ ಅತಿ ದೊಡ್ಡದು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಇದರ ಮಹತ್ವ ಬೇರೆ. ತಪ್ಪು ನಡೆದಿದೆ ಎಂದು ಎಲ್ಲರೂ ಒಪ್ಪಿದ ಮೇಲೂ ಫಲಿತಾಂಶ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಇದರಷ್ಟು ಬೆತ್ತಲೆಯಾಗಿ ಮುಂದಿಟ್ಟ ಪಂದ್ಯ ಇನ್ನೊಂದಿಲ್ಲ. ಆಮೇಲೆ ಮೂವತ್ತೈದು ವರ್ಷ ಕಳೆದಿವೆ, ಕ್ಯಾಮೆರಾಗಳು ಬಂದಿವೆ, ರೀಪ್ಲೇ ಕೊಠಡಿಗಳು ಬಂದಿವೆ, ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಕೊಲರಾಡೋ ಪಂದ್ಯಕ್ಕೆ ಐವತ್ತು ವರ್ಷ ಹಿಂದೆಯೂ ಒಂದು ಐದನೇ ಡೌನ್ ನಡೆದಿತ್ತು. 1940ರ ನವೆಂಬರ್ 16ರಂದು ಹ್ಯಾನೋವರ್‌ನ ಹಿಮದಲ್ಲಿ ಡಾರ್ಟ್‌ಮತ್ ಮತ್ತು ಕಾರ್ನೆಲ್ ಆಡುತ್ತಿದ್ದವು. ಕಾರ್ನೆಲ್ ಸತತ ಹದಿನೆಂಟು ಪಂದ್ಯ ಸೋತಿರಲಿಲ್ಲ. ಡಾರ್ಟ್‌ಮತ್ 3–0 ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ರೆಫರಿ ರೆಡ್ ಫ್ರೀಸೆಲ್ ಲೆಕ್ಕ ತಪ್ಪಿ ಕಾರ್ನೆಲ್‌ಗೆ ಐದನೇ ಅವಕಾಶ ಕೊಟ್ಟರು. ಟಚ್‌ಡೌನ್ ಬಂತು, 7–3. ಪಂದ್ಯದ ಫಿಲ್ಮ್ ತೊಳೆಸಿ ನೋಡಿದಾಗ ತಪ್ಪು ಖಚಿತವಾಯಿತು. ಫ್ರೀಸೆಲ್ ತಪ್ಪು ಒಪ್ಪಿಕೊಂಡರು. ಕಾರ್ನೆಲ್ ಡಾರ್ಟ್‌ಮತ್‌ಗೆ ಟೆಲಿಗ್ರಾಂ ಕಳಿಸಿ ಗೆಲುವನ್ನು ಬಿಟ್ಟುಕೊಡುವುದಾಗಿ ಹೇಳಿತು, ಡಾರ್ಟ್‌ಮತ್ ಒಪ್ಪಿಕೊಂಡಿತು. ದಾಖಲೆಯಲ್ಲಿ ಇಂದಿಗೂ ಅದು ಡಾರ್ಟ್‌ಮತ್ 3, ಕಾರ್ನೆಲ್ 0.

1990ರಲ್ಲಿ ಕೊಲರಾಡೋವನ್ನು ಬೈದವರೆಲ್ಲ ಕಾರ್ನೆಲ್‌ನ ಹೆಸರೆತ್ತಿದರು. ಈ ಹೋಲಿಕೆ ನನಗೆ ಅಷ್ಟು ನ್ಯಾಯವೆನಿಸುವುದಿಲ್ಲ. ಕಾರ್ನೆಲ್ ದೊಡ್ಡತನ ತೋರಿತು, ನಿಜ. ಆದರೆ ತಪ್ಪು ಮಾಡಿದ್ದು ರೆಫರಿ. ತಿದ್ದುವ ಹೊರೆಯನ್ನು ಗೆದ್ದವರ ಸೌಜನ್ಯದ ಮೇಲೆ ಹಾಕುವುದು ವ್ಯವಸ್ಥೆ ತನ್ನ ಕೆಲಸ ತಪ್ಪಿಸಿಕೊಳ್ಳುವ ಒಂದು ದಾರಿ. ಫಲಕದಲ್ಲಿ ಮೂರನೇ ಡೌನ್ ಎಂದಿದ್ದಾಗ ಚೆಂಡು ಕುಕ್ಕಿದ ಹುಡುಗ, ನಾಲ್ಕನೆಯದು ಎಂದಿದ್ದರೆ ಕುಕ್ಕುತ್ತಿದ್ದನೇ? ಖಂಡಿತ ಇಲ್ಲ, ಬೇರೇನೋ ಆಡುತ್ತಿದ್ದ. ಫಲಕ ನಂಬಿ ಆಡಿದ್ದು ಅವನ ತಪ್ಪಲ್ಲ. ಮಿಸೌರಿಗಾದ ಅನ್ಯಾಯದಷ್ಟೇ ಇದೂ ನಿಜ.

ಫಲಿತಾಂಶ ಏಕೆ ಬದಲಾಗುವುದಿಲ್ಲ ಎಂಬುದಕ್ಕೆ ನಿಯಮ ಪುಸ್ತಕದಲ್ಲಿ ನೇರ ಉತ್ತರವಿದೆ. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಫುಟ್‌ಬಾಲ್ ನಿಯಮಾವಳಿಯ ಮೊದಲ ಅಧ್ಯಾಯದಲ್ಲೇ ಇದು ಬರುತ್ತದೆ: ಆಟ ಮುಗಿಯಿತೆಂದು ರೆಫರಿ ಘೋಷಿಸಿದ ಕ್ಷಣಕ್ಕೆ ಸ್ಕೋರು ಅಂತಿಮ. ಮೇಲ್ಮನವಿ ಎಂಬುದೇ ಇಲ್ಲ. ನ್ಯಾಯಾಲಯಗಳೂ ಒಳಗೆ ಬರಲು ಒಪ್ಪಿಲ್ಲ. 1981ರಲ್ಲಿ ಜಾರ್ಜಿಯಾದಲ್ಲಿ ಒಂದು ಹೈಸ್ಕೂಲ್ ಪಂದ್ಯದ ಪೆನಾಲ್ಟಿ ತಪ್ಪಾಯಿತೆಂದು ಪೋಷಕರು ಕೋರ್ಟಿಗೆ ಹೋದರು. ಕೆಳಗಿನ ನ್ಯಾಯಾಧೀಶರು, ಪಂದ್ಯವನ್ನು ನಿಂತಲ್ಲಿಂದ, ಇಂಥ ಯಾರ್ಡ್ ಗೆರೆಯಿಂದ ಮತ್ತೆ ಆಡಿಸಿ ಎಂದೇ ಆದೇಶಿಸಿಬಿಟ್ಟರು! ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಫುಟ್‌ಬಾಲ್ ರೆಫರಿಯ ತೀರ್ಮಾನವನ್ನು ವಿಮರ್ಶಿಸುವ ಅಧಿಕಾರ ನಮಗಿಲ್ಲ ಎಂದಿತು. ಅಯೋವಾದಲ್ಲಿ ಇನ್ನೂ ವಿಚಿತ್ರ. ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ರೆಫರಿ ಕೊಟ್ಟ ಒಂದು ಫೌಲ್‌ನಿಂದ ಅಯೋವಾ ಸೋತು ತಮ್ಮ ಅಂಗಡಿಯ ವ್ಯಾಪಾರ ಹಾಳಾಯಿತೆಂದು, ತಂಡದ ಟೀಶರ್ಟು ಮುಂತಾದವನ್ನು ಮಾರುವವರು ದಾವೆ ಹೂಡಿದ್ದರು. 1984ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನೂ ವಜಾ ಮಾಡಿತು. ಕೋರ್ಟುಗಳು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಶನಿವಾರದ ಪಂದ್ಯ ಸೋಮವಾರ ಕೋರ್ಟಿನಲ್ಲಿ ಮುಂದುವರಿಯುವುದಾದರೆ ಆಟಕ್ಕೆ ಕೊನೆಯೇ ಇರುವುದಿಲ್ಲ. ಆದರೆ ಕೋರ್ಟು ಬೇಡ ಎನ್ನುವುದಕ್ಕೂ ಆಟದೊಳಗೇ ತಿದ್ದುಪಡಿಯ ದಾರಿ ಇರಬಾರದು ಎನ್ನುವುದಕ್ಕೂ ವ್ಯತ್ಯಾಸವಿದೆ.

ಹಳೆಯ ಕಾಲದ ತಕರಾರುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣಲಿಲ್ಲ ಎಂಬ ಬಗೆಯವು. 1979ರ ಜನವರಿ 1ರ ರೋಸ್ ಬೌಲ್‌ನಲ್ಲಿ ಯುಎಸ್‌ಸಿಯ ಚಾರ್ಲ್ಸ್ ವೈಟ್ ಗೋಲು ಗೆರೆಗೆ ಹಾರಿದ. ಚೆಂಡು ಗೆರೆಯಿಂದ ಹಿಂದೆಯೇ ಕೈಜಾರಿ ಮಿಶಿಗನ್ ಆಟಗಾರನ ಕೈ ಸೇರಿತ್ತು. ತೀರ್ಪುಗಾರ ಟಚ್‌ಡೌನ್ ಎಂದು ಎರಡೂ ಕೈ ಎತ್ತಿಬಿಟ್ಟ. ಯುಎಸ್‌ಸಿ 17–10ರಲ್ಲಿ ಗೆದ್ದು ಅಲಬಾಮಾದ ಜತೆ ರಾಷ್ಟ್ರೀಯ ಪಟ್ಟ ಹಂಚಿಕೊಂಡಿತು. 1982ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ನಡುವಿನ ಪಂದ್ಯದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದವರು ಚೆಂಡನ್ನು ಐದು ಸಲ ಹಿಂದಕ್ಕೆ ದಾಟಿಸುತ್ತ ಓಡಿದರು. ಪಂದ್ಯ ಮುಗಿಯಿತೆಂದು ಸ್ಟ್ಯಾನ್‌ಫರ್ಡ್‌ನ ವಾದ್ಯವೃಂದ ಆಗಲೇ ಮೈದಾನಕ್ಕೆ ನುಗ್ಗಿತ್ತು. ಕೆವಿನ್ ಮೋಯೆನ್ ಅವರ ನಡುವೆಯೇ ಓಡಿ ಟಚ್‌ಡೌನ್ ಮಾಡಿ ಒಬ್ಬ ಟ್ರೊಂಬೋನ್ ವಾದಕನ ಮೇಲೆ ಬಿದ್ದ. 25–20. ನಡುವೆ ಒಬ್ಬನ ಮೊಣಕಾಲು ನೆಲ ಮುಟ್ಟಿತ್ತು, ಅಲ್ಲಿಗೇ ಆಟ ಮುಗಿದಿತ್ತು ಎಂಬುದು ಸ್ಟ್ಯಾನ್‌ಫರ್ಡ್‌ನವರ ವಾದ. ಗೆದ್ದವರಿಗೆ ಸಿಗುವ ಕೊಡಲಿಯ ಸ್ಮರಣಿಕೆ ತಮ್ಮ ಕೈಗೆ ಬಂದಾಗಲೆಲ್ಲ ಅದರ ಮೇಲಿನ ಸ್ಕೋರನ್ನು 20–19 ಎಂದು, ತಾವೇ ಗೆದ್ದಂತೆ, ಬದಲಿಸಿಕೊಳ್ಳುತ್ತಾರೆ. ರೆಫರಿಯ ತೀರ್ಪಿಗೆ ಇದಕ್ಕಿಂತ ಸೊಗಸಾದ ಮೇಲ್ಮನವಿ ನಾನು ಕೇಳಿಲ್ಲ.

ಕಣ್ಣಿಗೆ ಕಾಣದ್ದಕ್ಕೆ ಮದ್ದೆಂದು ಬಂದದ್ದು ರೀಪ್ಲೇ. 2004ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಪ್ರಯೋಗ ಮಾಡಿತು, 2005ರಲ್ಲಿ ಉಳಿದವು ಹಿಂಬಾಲಿಸಿದವು, 2006ರಲ್ಲಿ ದೇಶಕ್ಕೆಲ್ಲ ಒಂದೇ ರೀಪ್ಲೇ ನಿಯಮ ಬಂತು. ಅದರ ಮೂಲಸೂತ್ರ ನಮ್ಮ ಕ್ರಿಕೆಟ್ ಓದುಗರಿಗೆ ಸುಲಭವಾಗಿ ತಿಳಿಯುತ್ತದೆ. ಡಿಆರ್‌ಎಸ್‌ನಲ್ಲಿ ‘ಅಂಪೈರ್ಸ್ ಕಾಲ್’ ಇದ್ದಂತೆ, ಮೈದಾನದ ತೀರ್ಪನ್ನು ಬದಲಿಸಬೇಕಾದರೆ ನಿರ್ವಿವಾದದ ದೃಶ್ಯ ಸಾಕ್ಷ್ಯ ಬೇಕು. ಅನುಮಾನವಿದ್ದರೆ ಮೊದಲಿನ ತೀರ್ಪೇ ಗಟ್ಟಿ. ಹಾಗೆ ನೋಡಿದರೆ ಮೊದಲು ಏನು ಕೊಟ್ಟರು ಎಂಬುದೇ ಎಷ್ಟೋ ಸಲ ಫಲಿತಾಂಶವನ್ನು ನಿರ್ಧರಿಸುತ್ತದೆ. 2016ರಲ್ಲಿ ಓಹಾಯೋ ಸ್ಟೇಟ್‌ನ ಜೆ.ಟಿ. ಬ್ಯಾರೆಟ್ ಮಿಶಿಗನ್ ವಿರುದ್ಧ ಎರಡನೇ ಓವರ್‌ಟೈಮಿನ ನಾಲ್ಕನೇ ಡೌನ್‌ನಲ್ಲಿ ಬೇಕಿದ್ದ ಒಂದು ಯಾರ್ಡ್ ದಾಟಿದನೆಂದು ಮೈದಾನದಲ್ಲಿ ಹೇಳಿದರು. ರೀಪ್ಲೇಯಲ್ಲಿ ಇಲ್ಲ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಮುಂದಿನ ಆಟಕ್ಕೇ ಟಚ್‌ಡೌನ್. ಮಿಶಿಗನ್ 30–27ರಲ್ಲಿ ಸೋತಿತು. ದಾಟಿಲ್ಲ ಎಂದು ಮೊದಲೇ ಹೇಳಿದ್ದರೆ ಅದೂ ಹಾಗೆಯೇ ನಿಲ್ಲುತ್ತಿತ್ತು. ಹತ್ತಾರು ಆಳುಗಳು ರಾಶಿ ಬಿದ್ದಿರುವಾಗ ಚೆಂಡಿನ ಮೂತಿ ಎಲ್ಲಿತ್ತು ಎಂದು ಯಾವ ಕ್ಯಾಮೆರಾ ಹೇಳೀತು?

ಸಾಕ್ಷ್ಯ ಕಣ್ಣೆದುರು ಇದ್ದಾಗಲೂ ತಪ್ಪುವವರಿದ್ದಾರೆ ಎಂಬುದು 2006ರ ಸೆಪ್ಟೆಂಬರ್ 16ರಂದು, ರೀಪ್ಲೇಯ ಮೊದಲ ರಾಷ್ಟ್ರೀಯ ಋತುವಿನಲ್ಲೇ, ಯೂಜೀನ್‌ನಲ್ಲಿ ಗೊತ್ತಾಯಿತು. ಒರೆಗಾನ್ ತಂಡ ಒಕ್ಲಹೋಮಾ ವಿರುದ್ಧ ಒಂದು ಗಿಡ್ಡ ಕಿಕ್ ಮಾಡಿ ಚೆಂಡನ್ನು ತಾನೇ ಹಿಡಿಯಲು ನೋಡಿತು. ಅಂಥ ಚೆಂಡು ಹತ್ತು ಯಾರ್ಡ್ ಹೋಗುವ ಮೊದಲು ಒದ್ದ ತಂಡ ಮುಟ್ಟುವಂತಿಲ್ಲ. ಒರೆಗಾನ್ ಆಟಗಾರ ಮುಟ್ಟಿದ್ದ. ಚೆಂಡು ಕೊನೆಗೆ ಒಕ್ಲಹೋಮಾದವನ ಕೈಯಲ್ಲಿತ್ತು ಕೂಡ. ಮೈದಾನದವರು ಒರೆಗಾನ್‌ಗೆ ಕೊಟ್ಟರು, ರೀಪ್ಲೇಯವರು ಎತ್ತಿಹಿಡಿದರು, ಒರೆಗಾನ್ 34–33ರಲ್ಲಿ ಗೆದ್ದಿತು. ಒರೆಗಾನ್ ಸೇರಿದ್ದ ಪ್ಯಾಕ್-10 ಕಾನ್ಫರೆನ್ಸ್ ತಪ್ಪು ಒಪ್ಪಿ ತೀರ್ಪುಗಾರರನ್ನು ಒಂದು ಪಂದ್ಯಕ್ಕೆ ಅಮಾನತು ಮಾಡಿತು. ಒಕ್ಲಹೋಮಾ ವಿಶ್ವವಿದ್ಯಾಲಯದ ಅಧ್ಯಕ್ಷ ಡೇವಿಡ್ ಬೋರೆನ್ ಈ ಪಂದ್ಯವನ್ನು ದಾಖಲೆಯಿಂದಲೇ ಅಳಿಸಬೇಕೆಂದು ಪತ್ರ ಬರೆದರು. ರೀಪ್ಲೇ ಕೊಠಡಿಯಲ್ಲಿ ಕೂತಿದ್ದವರಿಗೆ ಕೊಲೆ ಬೆದರಿಕೆಗಳು ಬಂದವು. ತಮ್ಮ ತಂಡಗಳ ಅಂಗಳದ ಪಂದ್ಯಗಳಿಗೆ ತಮ್ಮದೇ ತೀರ್ಪುಗಾರರು ಬೇಕೆಂದು ಪಟ್ಟು ಹಿಡಿದಿದ್ದ ಕಾನ್ಫರೆನ್ಸ್ ಪ್ಯಾಕ್-10. ಹೀಗಾಗಿ ತಪ್ಪು ತಪ್ಪಾಗಿ ಉಳಿಯಲಿಲ್ಲ, ಪಕ್ಷಪಾತವೆಂಬ ಆರೋಪವಾಯಿತು.

ಇನ್ನು 2015ರ ಅಕ್ಟೋಬರ್ 31ರ ಡ್ಯೂಕ್–ಮಯಾಮಿ ಪಂದ್ಯ. ಆರು ಸೆಕೆಂಡು ಇರುವಾಗ ಡ್ಯೂಕ್ 27–24 ಮುಂದೆ ಬಂತು. ಮುಂದಿನ ಕಿಕ್ ಹಿಡಿದ ಮಯಾಮಿಯವರು ಎಂಟು ಸಲ ಚೆಂಡು ಹಿಂದಕ್ಕೆ ಎಸೆದಾಡಿ, ಕೊನೆಗೆ ಕಾರ್ನ್ ಎಲ್ಡರ್ ಓಡಿ ಟಚ್‌ಡೌನ್ ಮಾಡಿದ. ರೀಪ್ಲೇ ಪರಿಶೀಲನೆ ಸುಮಾರು ಒಂಬತ್ತು ನಿಮಿಷ ನಡೆಯಿತು. ಅಷ್ಟು ಹೊತ್ತು ನೋಡಿಯೂ, ನಡುವೆ ಒಬ್ಬ ಆಟಗಾರ ಚೆಂಡು ಎಸೆಯುವ ಮೊದಲೇ ಅವನ ಮೊಣಕಾಲು ನೆಲಕ್ಕೂರಿದ್ದು ಅವರಿಗೆ ಕಾಣಲಿಲ್ಲ. ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಕಂಡಿತ್ತು. ಎಸಿಸಿ ಕಾನ್ಫರೆನ್ಸ್ ಮರುದಿನವೇ ತಪ್ಪುಗಳನ್ನು ಬರೆದು ಪ್ರಕಟಿಸಿತು, ರೀಪ್ಲೇಯವರೂ ಸೇರಿ ಎಲ್ಲರನ್ನೂ ಎರಡು ಪಂದ್ಯಗಳಿಗೆ ಅಮಾನತು ಮಾಡಿತು. ಮಯಾಮಿ 30, ಡ್ಯೂಕ್ 27 ಎಂಬುದು ಹಾಗೇ ಉಳಿಯಿತು.

ಮರುವರ್ಷದ ಸೆಪ್ಟೆಂಬರ್ 10ರಂದು ಒಕ್ಲಹೋಮಾ ಸ್ಟೇಟ್‌ಗಾದದ್ದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಕಣ್ಣಿನ ಪ್ರಶ್ನೆಯೇ ಇರಲಿಲ್ಲ. ಸೆಂಟ್ರಲ್ ಮಿಶಿಗನ್ ವಿರುದ್ಧ 27–24 ಮುಂದಿದ್ದ ತಂಡ ಕೊನೆಯ ನಾಲ್ಕು ಸೆಕೆಂಡು ಕಳೆಯಲೆಂದು ನಾಲ್ಕನೇ ಡೌನ್‌ನಲ್ಲಿ ಚೆಂಡನ್ನು ಯಾರೂ ಇಲ್ಲದ ಕಡೆ ದೂರ ಎಸೆಯಿತು. ಸಮಯ ಮುಗಿಯಿತು. ಬೇಕೆಂದೇ ಎಸೆದದ್ದಕ್ಕೆ ಪೆನಾಲ್ಟಿ ಬಿತ್ತು, ಅದು ಸರಿಯೇ. ಆದರೆ ಡೌನ್ ಕಳೆದುಕೊಳ್ಳುವ ಶಿಕ್ಷೆಯಿರುವ ಇಂಥ ಫೌಲ್ ಆದಾಗ ಸಮಯ ಮುಗಿದ ಮೇಲೆ ಆಟ ಮುಂದುವರಿಯುವುದಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ. ರೆಫರಿಗಳು ಮುಂದುವರಿಸಿದರು. ಸೆಂಟ್ರಲ್ ಮಿಶಿಗನ್‌ನ ಕೂಪರ್ ರಶ್ ಚೆಂಡನ್ನು ಉದ್ದಕ್ಕೆ ಎಸೆದ, ಹಿಡಿದವನು ಬೀಳುತ್ತ ಪಕ್ಕದವನಿಗೆ ದಾಟಿಸಿದ, ಅವನು ಗೆರೆ ತಲುಪಿದ. 30–27. ಬಿದ್ದ ಪೆನಾಲ್ಟಿ ಸರಿ, ಟಚ್‌ಡೌನ್ ಸರಿ, ಅದನ್ನು ಆಡಿಸಿದ್ದೇ ತಪ್ಪು. ಎರಡೂ ತಂಡಗಳ ಕಾನ್ಫರೆನ್ಸ್‌ಗಳು ತಪ್ಪು ಒಪ್ಪಿದವು, ಅಮಾನತು ಮಾಡಿದವು, ಫಲಿತಾಂಶ ಬದಲಿಸಲಾಗದು ಎಂದವು. ಇಲ್ಲಿ ಕಾರ್ನೆಲ್‌ನ ಟೆಲಿಗ್ರಾಂ ಯಾರೂ ಕಳಿಸಲಿಲ್ಲ.

ಕ್ಯಾಮೆರಾ ಹಿಡಿಯಲಾಗದ ಇನ್ನೊಂದು ಲೋಕವೇ ಇದೆ: ಅಂದಾಜಿನ ತೀರ್ಪುಗಳು. ಪಾಸ್ ಹಿಡಿಯುವವನನ್ನು ಅಡ್ಡಿಪಡಿಸಿದನೇ, ಹಿಡಿದೆಳೆದನೇ ಎಂಬಂಥವು ರೀಪ್ಲೇಯ ವ್ಯಾಪ್ತಿಗೆ ಬರುವುದಿಲ್ಲ. 2003ರ ಜನವರಿ 3ರ ಫಿಯೆಸ್ಟಾ ಬೌಲ್‌ನಲ್ಲಿ ಸತತ 34 ಪಂದ್ಯ ಗೆದ್ದಿದ್ದ ಮಯಾಮಿ ಓವರ್‌ಟೈಮಿನಲ್ಲಿ ಮುಂದಿತ್ತು. ಓಹಾಯೋ ಸ್ಟೇಟ್‌ನ ನಾಲ್ಕನೇ ಡೌನ್‌ನ ಪಾಸ್ ನೆಲಕ್ಕೆ ಬಿತ್ತು, ಪಟಾಕಿ ಹಾರಿತು, ಮಯಾಮಿ ಆಟಗಾರರು ಕುಣಿಯುತ್ತ ಮೈದಾನಕ್ಕೆ ನುಗ್ಗಿದರು. ಆಗ ತೀರ್ಪುಗಾರ ಟೆರಿ ಪೋರ್ಟರ್ ಕೆಲವು ಸೆಕೆಂಡು ತಡವಾಗಿ ಬಾವುಟ ಎಸೆದರು. ಓಹಾಯೋ ಸ್ಟೇಟ್ ಉಳಿದುಕೊಂಡು ಎರಡನೇ ಓವರ್‌ಟೈಮಿನಲ್ಲಿ 31–24ರಲ್ಲಿ ಗೆದ್ದು ಚಾಂಪಿಯನ್ ಆಯಿತು. ಮಯಾಮಿಯವರು ಇಂದಿಗೂ ಪೋರ್ಟರ್ ಹೆಸರು ಹೇಳಿದರೆ ಸಿಡುಕುತ್ತಾರೆ. ನಿಧಾನಗತಿಯಲ್ಲಿ ನೋಡಿದರೆ ಡಿಫೆಂಡರ್ ಮೊದಲಿಗೇ ಎದುರಾಳಿಯನ್ನು ಹಿಡಿದದ್ದು ಕಾಣುತ್ತದೆ. ಬಾವುಟ ತಡವಾದದ್ದು ಅನುಮಾನಕ್ಕೆ ಕಾರಣವಾಯಿತೇ ಹೊರತು ತೀರ್ಪು ಅಷ್ಟೇನೂ ತಪ್ಪಲ್ಲ.

ಅಂದಾಜನ್ನೂ ರೀಪ್ಲೇಗೆ ಒಪ್ಪಿಸಿದ ಒಂದು ನಿಯಮವಿದೆ, ಟಾರ್ಗೆಟಿಂಗ್. ಎದುರಾಳಿಯ ತಲೆ, ಕತ್ತಿನ ಭಾಗಕ್ಕೆ ಗುರಿಯಿಟ್ಟು ಡಿಕ್ಕಿ ಹೊಡೆಯುವುದನ್ನು ತಡೆಯಲು ಇದು ಬಂತು; 2013ರಿಂದ ಮಾಡಿದವನು ಪಂದ್ಯದಿಂದಲೇ ಹೊರಗೆ. ಉದ್ದೇಶದ ಬಗ್ಗೆ ಎರಡು ಮಾತಿಲ್ಲ, ಮಕ್ಕಳ ಮಿದುಳಿನ ಪ್ರಶ್ನೆ ಅದು. ಆದರೆ ಗುರಿಯಿಟ್ಟನೇ ಇಲ್ಲವೇ ಎಂಬುದನ್ನು ನಿಂತ ಚಿತ್ರದಲ್ಲಿ ಹೇಗೆ ನೋಡುವುದು? 2025ರ ಜನವರಿ 1ರ ಪೀಚ್ ಬೌಲ್‌ನಲ್ಲಿ ಅರಿಜೋನಾ ಸ್ಟೇಟ್ ಆಟಗಾರನ ಮೇಲೆ ಬಿದ್ದ ಹೊಡೆತವನ್ನು ಪರಿಶೀಲಿಸಿ ಟಾರ್ಗೆಟಿಂಗ್ ಅಲ್ಲವೆಂದರು. ಟೆಕ್ಸಸ್ ಎರಡು ಓವರ್‌ಟೈಮಿನ ನಂತರ 39–31ರಲ್ಲಿ ಗೆದ್ದಿತು. ದೇಶವೆಲ್ಲ ವಾರಗಟ್ಟಲೆ ಅದೇ ದೃಶ್ಯವನ್ನು ಹಿಂದೆ ಮುಂದೆ ಮಾಡಿ ನೋಡಿತು, ಒಮ್ಮತ ಬರಲಿಲ್ಲ.

ಅದೇ ಋತುವಿನ ಅಕ್ಟೋಬರ್ 19ರಂದು ಆಸ್ಟಿನ್‌ನಲ್ಲಿ ನಡೆದದ್ದನ್ನು ನಾನು ಎಲ್ಲಕ್ಕಿಂತ ಅಪಾಯಕಾರಿ ಎಂದು ಎಣಿಸುತ್ತೇನೆ. ಜಾರ್ಜಿಯಾ ವಿರುದ್ಧ ಟೆಕ್ಸಸ್ ಆಟಗಾರ ಪಾಸ್ ಕಸಿದಾಗ ಅಡ್ಡಿಪಡಿಸಿದನೆಂದು ಬಾವುಟ ಬಿತ್ತು. ಸಿಟ್ಟಿಗೆದ್ದ ವಿದ್ಯಾರ್ಥಿಗಳು ಬಾಟಲಿಗಳನ್ನು ಮೈದಾನಕ್ಕೆ ಎಸೆದರು. ಸ್ವಚ್ಛ ಮಾಡಲು ಆಟ ನಿಂತಿತು. ಆ ಬಿಡುವಿನಲ್ಲಿ ರೆಫರಿಗಳು ಕೂಡಿ ಮಾತಾಡಿ ಬಾವುಟ ಹಿಂತೆಗೆದುಕೊಂಡರು. ಮೊದಲ ತೀರ್ಪು ತಪ್ಪಾಗಿತ್ತು, ಬದಲಿಸಿದ್ದು ಸರಿ ಎನ್ನಬಹುದು. ಆದರೆ ಬಾಟಲಿ ಎಸೆದರೆ ತೀರ್ಪು ತಿರುಗುತ್ತದೆ ಎಂಬ ಪಾಠ ಒಂದು ಲಕ್ಷ ಜನರೆದುರು ನಡೆದುಹೋಯಿತು. ಪಂದ್ಯವನ್ನು ಜಾರ್ಜಿಯಾ 30–15ರಲ್ಲಿ ಗೆದ್ದದ್ದರಿಂದ ದೊಡ್ಡ ರಾದ್ಧಾಂತ ತಪ್ಪಿತು. ಎಸ್‌ಇಸಿ ಕಾನ್ಫರೆನ್ಸ್ ಟೆಕ್ಸಸ್‌ಗೆ 2,50,000 ಡಾಲರ್ ದಂಡ ಹಾಕಿತು.

ಇಷ್ಟನ್ನೂ ನೋಡಿದ ಮೇಲೆ ತಂತ್ರಜ್ಞಾನಕ್ಕಿಂತ ಯಜಮಾನಿಕೆಯೇ ಮೂಲ ಸಮಸ್ಯೆ ಎಂದು ನನಗನಿಸುತ್ತದೆ. ಕಾಲೇಜು ಫುಟ್‌ಬಾಲಿನಲ್ಲಿ ರೆಫರಿಗಳನ್ನು ನೇಮಿಸುವುದು, ತರಬೇತಿ ಕೊಡುವುದು, ಶಿಕ್ಷಿಸುವುದು ಎಲ್ಲವೂ ಕಾನ್ಫರೆನ್ಸ್‌ಗಳೇ. ತಂಡಗಳ ಹಿತ ಕಾಯುವುದೂ, ಟಿವಿ ಹಕ್ಕು ಮಾರುವುದೂ ಅವೇ. ರೆಫರಿಗಳಿಗೆ ವಾರದ ದಿನಗಳಲ್ಲಿ ಬೇರೆ ಉದ್ಯೋಗವಿರುತ್ತದೆ. ಆಟಗಾರರಿಗೆ ಹಣ ಕೊಡಲು ದಾರಿ ಮಾಡಿದ 2025ರ ಒಪ್ಪಂದದ ನಂತರ ಒಂದೊಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್‌ವರೆಗೆ ಹಂಚಬಹುದಾದ ಆಟವಿದು, ತೀರ್ಪು ಹೇಳುವವರು ಮಾತ್ರ ಅರೆಕಾಲಿಕರು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಜೂಜಿನ ಮೇಲಿನ ಕೇಂದ್ರ ನಿರ್ಬಂಧವನ್ನು ರದ್ದು ಮಾಡಿದ ಮೇಲೆ ಒಂದೊಂದು ಬಾವುಟದ ಮೇಲೂ ಯಾರದೋ ದುಡ್ಡು ನಿಂತಿರುತ್ತದೆ. ಸಂಶಯ ಹುಟ್ಟಲು ಇನ್ನೇನು ಬೇಕು?

ಇದರ ನಡುವೆ ಬಾಯಿ ಮುಚ್ಚಿಸುವ ಪದ್ಧತಿ ಬೇರೆ. 2009ರಲ್ಲಿ ಎಸ್‌ಇಸಿಯ ಒಂದೇ ತೀರ್ಪುಗಾರರ ತಂಡ ಎರಡು ಪಂದ್ಯಗಳಲ್ಲಿ ತಪ್ಪಿತು. ಜಾರ್ಜಿಯಾ–ಎಲ್‌ಎಸ್‌ಯು ಪಂದ್ಯದಲ್ಲಿ ಎ.ಜೆ. ಗ್ರೀನ್ ಅತಿಯಾಗಿ ಸಂಭ್ರಮಿಸಿದನೆಂದು ಹಾಕಿದ ಪೆನಾಲ್ಟಿಗೆ ಚಿತ್ರದಲ್ಲಿ ಆಧಾರವೇ ಇರಲಿಲ್ಲ. ಆರ್ಕನ್ಸಾ–ಫ್ಲಾರಿಡಾ ಪಂದ್ಯದ ನಂತರ ಆ ತೀರ್ಪುಗಾರರ ತಂಡವನ್ನು ಬಹಿರಂಗವಾಗಿ ಅಮಾನತು ಮಾಡಿದರು. ಅದೇ ವರ್ಷ ರೆಫರಿಗಳನ್ನು ಟೀಕಿಸಿದ್ದಕ್ಕೆ ಫ್ಲಾರಿಡಾ ಕೋಚ್ ಅರ್ಬನ್ ಮೇಯರ್‌ಗೆ 30,000 ಡಾಲರ್ ದಂಡ. ಓಹಾಯೋ ಸ್ಟೇಟ್ ವಿರುದ್ಧದ 2016ರ ಪಂದ್ಯದ ನಂತರ ಕೋಚ್ ಜಿಮ್ ಹಾರ್ಬಾ ಆಡಿದ ಮಾತಿಗೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ 10,000. ಕೋಚು ಮಾತಾಡುವಂತಿಲ್ಲ, ರೆಫರಿ ಪತ್ರಕರ್ತರೆದುರು ಕೂತು ವಿವರಿಸುವುದೂ ಅಪರೂಪ. ಉಳಿಯುವುದು ಕಾನ್ಫರೆನ್ಸಿನ ನಾಲ್ಕು ಸಾಲಿನ ಹೇಳಿಕೆ.

ಈ ವಿಷಯದಲ್ಲಿ ಎಸಿಸಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಡ್ಯೂಕ್ ಪಂದ್ಯದ ಮರುವರ್ಷವೇ ಅದು ರೀಪ್ಲೇಗೆ ಕೇಂದ್ರ ಕೊಠಡಿ ತಂದಿತು. 2024ರಲ್ಲಿ ವರ್ಜೀನಿಯಾ ಟೆಕ್ ಕೊನೆಯ ಎಸೆತದಲ್ಲಿ ಪಡೆದಿದ್ದ ಟಚ್‌ಡೌನನ್ನು ಆರು ನಿಮಿಷಕ್ಕೂ ಹೆಚ್ಚು ನೋಡಿ ರದ್ದು ಮಾಡಿ ಮಯಾಮಿಗೆ 38–34ರ ಗೆಲುವು ಕೊಟ್ಟಾಗ ಮತ್ತೆ ಬೈಗುಳ ತಿಂದಿತು. 2025ರಿಂದ ಕೆಲವು ಪಂದ್ಯಗಳಲ್ಲಿ ರೀಪ್ಲೇ ಕೊಠಡಿಯ ಮಾತುಕತೆಯನ್ನು ಟಿವಿಯಲ್ಲಿ ನೇರವಾಗಿ ಕೇಳಿಸುತ್ತಿದೆ. ಯಾವ ಕೋನ ನೋಡಿದರು, ಯಾಕೆ ಸಾಲದು ಎಂದರು ಎಂದು ಕೇಳಿದವನಿಗೆ ಸೋಲು ಸಿಹಿಯಾಗದು, ಆದರೆ ಮೋಸವೆಂಬ ಅನುಮಾನ ಅರ್ಧ ಇಳಿಯುತ್ತದೆ. ಉಳಿದ ಕಾನ್ಫರೆನ್ಸ್‌ಗಳೂ ಇದನ್ನು ಮಾಡಲೇಬೇಕು. ಅದರ ಜತೆಗೆ ರೆಫರಿಗಳನ್ನು ಕಾನ್ಫರೆನ್ಸ್‌ಗಳ ಕೈಯಿಂದ ಬಿಡಿಸಿ ಒಂದು ರಾಷ್ಟ್ರೀಯ ಸಂಸ್ಥೆಗೆ ಒಪ್ಪಿಸಬೇಕು.

ಅಂದಾಜಿನ ತಪ್ಪನ್ನು ಆಟ ನುಂಗಿಕೊಳ್ಳಬೇಕು, ಕಣ್ಣಿನ ತಪ್ಪನ್ನು ಸೀಟಿ ಊದುವುದರೊಳಗೆ ತಿದ್ದಿದರೆ ತಿದ್ದಿದಂತೆ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದಾಗ, ಅದೂ ಪಂದ್ಯದ ಕಟ್ಟಕಡೆಯ ಆಟದಲ್ಲಿ, ಅದರ ನಂತರ ಬದಲಾಗಬೇಕಾದದ್ದು ಏನೂ ಇಲ್ಲದಾಗ, ಫಲಿತಾಂಶ ತಿದ್ದದಿರುವುದಕ್ಕೆ ನನಗೆ ಒಂದೂ ಒಳ್ಳೆಯ ಕಾರಣ ಕಾಣುವುದಿಲ್ಲ. ಕೊಲರಾಡೋ ಪ್ರಕರಣದಲ್ಲಿ ವಾದಕ್ಕೆ ಜಾಗವಿದೆ, ಏಕೆಂದರೆ ತಪ್ಪು ಫಲಕ ಆಟಗಾರರ ನಡೆಯನ್ನೂ ಬದಲಿಸಿತ್ತು. ಒಕ್ಲಹೋಮಾ ಸ್ಟೇಟ್ ಪ್ರಕರಣದಲ್ಲಿ ಅಂಥ ವಾದಕ್ಕೂ ಜಾಗವಿಲ್ಲ: ನಿಯಮದಂತೆ ಆಟ ಮುಗಿದಿತ್ತು, ಸ್ಕೋರು 27–24 ಇತ್ತು. ಎನ್‌ಸಿಎಎ ದಾಖಲೆಯಲ್ಲಿ ಅದು ಇಂದಿಗೂ ಸೆಂಟ್ರಲ್ ಮಿಶಿಗನ್ 30, ಒಕ್ಲಹೋಮಾ ಸ್ಟೇಟ್ 27.